ವರ್ತ್ಮಶಸ್ತ್ರಕ್ರಿಯೆಯೂ ದೃಷ್ಟಿಪ್ರಸಾದವೂ

೧. ಉಪಕ್ರಮ

ನೇತ್ರರೋಗಗಳಲ್ಲಿ ಸಾಮಾನ್ಯಜನರು ಹೆಸರಿಟ್ಟು ಬಲ್ಲುದು ಬಹುಮಟ್ಟಿಗೆ ಪೊರೆಯೊಂದನ್ನೇ. ಬೀಳಗಿಯಲ್ಲಿ ಹುಟ್ಟಿ, ಊರೂರುಗಳಲ್ಲಿ ನೇತ್ರಶಿಬಿರಗಳನ್ನು ನಡೆಯಿಸಿ, ೨೦೦೫ರಲ್ಲಿ ಕೀರ್ತಿಶೇಷರಾದ ಡಾಕ್ಟರ್ ಎಂ. ಸಿ. ಮೋದಿಯವರಂಥ ಮಹನೀಯರ ಶ್ರಮದಿಂದ, ಕಣ್ಣು ಮಂಜಾದರೆ ಶಸ್ತ್ರವೈದ್ಯನಲ್ಲಿಗೆ ಹೋಗಬೇಕೆಂಬ ಅರಿವು ಕನ್ನಡನಾಡಿನ ಹಳ್ಳಿಗಳಲ್ಲಿ ಬೇರೂರಿತು. ಇದು ದೊಡ್ಡ ಲಾಭವು. ಆದರೆ ಅದರೊಡನೆ, ಮಂಜಾದ ಕಣ್ಣೆಲ್ಲವೂ ಪೊರೆಯ ಕಣ್ಣೇ, ಪೊರೆಯನ್ನು ತೆಗೆದರೆ ಬೆಳಕು ಬಂದೇ ಬರುವುದು ಎಂಬ ಒಂದು ಭ್ರಾಂತಿಯೂ ಬೆಳೆದಿದೆ. ಪೊರೆಯು ಕಣ್ಣಿನ ಒಳಗಣ ಮಣಿಯ ವಿಕಾರವು. ಅದಕ್ಕೂ ಮುಂದೆ, ಕಣ್ಣಿನ ಹೊರಬಾಗಿಲಿನಲ್ಲಿಯೇ ಬೆಳಕನ್ನು ತಡೆಯುವ ಇನ್ನೊಂದು ವಿಕಾರವುಂಟು. ಅದನ್ನು ನಮ್ಮವರು ‘ಹೂವು’ ಎನ್ನುತ್ತಾರೆ. ಈ ಹೂವು ಬೀಳುವುದಕ್ಕೆ ಅನೇಕ ಕಾರಣಗಳಿವೆ. ಅವುಗಳಲ್ಲಿ ರೆಪ್ಪೆಯ ದೋಷವು ಒಂದು. ಅದನ್ನು ಕಾಲದಲ್ಲಿ ತಡೆಯುವ ಉಪಾಯಗಳಲ್ಲಿ ರೆಪ್ಪೆಯ ಶಸ್ತ್ರಕ್ರಿಯೆಯು ಮುಖ್ಯವಾದುದು.

ಉತ್ತರಕನ್ನಡ ಜಿಲ್ಲೆಯ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಎಂಬೀ ನಾಲ್ಕು ತಾಲೂಕುಗಳನ್ನು ದೃಷ್ಟಿಯಲ್ಲಿಟ್ಟುಕೊಂಡು ಈ ವಿಷಯವನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶವು. ಅದಕ್ಕೆ ಕಾರಣಗಳು ಎರಡು. ಭತ್ತದ ಸುಂಕು, ಕಬ್ಬಿನ ಗರಿ, ಕಟ್ಟಿಗೆಯ ಚಕ್ಕೆ ಇವುಗಳ ನಡುವೆ ದುಡಿಯುವ ಜನರೇ ಇಲ್ಲಿ ಹೆಚ್ಚಾಗಿರುವುದರಿಂದ ಕಣ್ಣಿನ ಮುಂಭಾಗಕ್ಕೆ ಗಾಯವಾಗುವ ಸಂಭವವು ಅಧಿಕವಾಗಿದೆಯೆಂಬುದು ಮೊದಲನೆಯದು. ಕನ್ನಡ, ಕೊಂಕಣಿ, ಮರಾಠಿ, ಉರ್ದು, ತಿಬೇತಿ ಇಷ್ಟು ಭಾಷೆಗಳು ಇಲ್ಲಿ ಒಟ್ಟಿಗೆ ಬಾಳುತ್ತಿರುವುದರಿಂದ ರೋಗದ ಹೆಸರು ಒಂದು ಬಾಯಿಂದ ಇನ್ನೊಂದು ಕಿವಿಗೆ ಹೋಗುವಷ್ಟರಲ್ಲಿ ಅರ್ಥಾಂತರವಾಗುವುದುಂಟು, ಇದು ಎರಡನೆಯದು. ಎರಡನೆಯ ಕಾರಣವು ಭಾಷಾಧ್ಯಾಪಕರಾದ ವಾಚಕರಿಗೆ ವಿಶೇಷವಾಗಿ ಸಂಬಂಧಪಟ್ಟಿದೆಯಾದುದರಿಂದ ಅದನ್ನೇ ಮೊದಲು ವಿಚಾರಿಸೋಣ.

೨. ಶಬ್ದವಿಚಾರ

ಕನ್ನಡದಲ್ಲಿ ‘ಎವೆ’ ಎಂಬುದು ಕಣ್ಣನ್ನು ಮುಚ್ಚುವ ಚರ್ಮಕ್ಕೂ ಅದರ ಅಂಚಿನ ಕೂದಲಿಗೂ ಸಲ್ಲುತ್ತದೆ. ‘ರೆಪ್ಪೆ’ಯ ಗತಿಯೂ ಅದೇ. ಸಂಸ್ಕೃತದ ವೈದ್ಯಗ್ರಂಥಗಳು ಮಾತ್ರ ಇವೆರಡನ್ನೂ ಬೇರ್ಪಡಿಸಿ, ಚರ್ಮಪುಟಕ್ಕೆ ವರ್ತ್ಮವೆಂದೂ ಕೂದಲಿಗೆ ಪಕ್ಷ್ಮವೆಂದೂ ಹೇಳುತ್ತವೆ. ರೋಗವಿಚಾರದಲ್ಲಿ ಈ ಭೇದವು ಅತ್ಯಾವಶ್ಯಕವು. ಕೂದಲು ಕಣ್ಣಿಗೆ ಚುಚ್ಚಿದಾಗ ದೋಷವು ಕೂದಲಲ್ಲಿಯೇ ಇದೆಯೆಂದು ತಿಳಿದವನು ಅದನ್ನು ಕಿತ್ತು ಸುಮ್ಮನಾಗುವನು. ದೋಷವು ಅದನ್ನು ಹೊತ್ತ ಚರ್ಮಪುಟದ್ದೆಂದು ತಿಳಿದವನು ಪುಟವನ್ನು ಸರಿಪಡಿಸುವನು.

ಇನ್ನು ಮರಾಠಿಯಲ್ಲಿ ‘ಪಾಪಣಿ’ ಎಂದರೆ ರೆಪ್ಪೆ. ಕನ್ನಡದಲ್ಲಿ ‘ಪಾಪೆ’ ಎಂದರೆ ಕಣ್ಣಿನ ನಡುವಣ ಕಪ್ಪು ರಂಧ್ರ. ಹಳಿಯಾಳದ ಮರಾಠಿ ಮಾತಿನ ಮುದುಕಿಯೊಬ್ಬಳು ತನ್ನ ಪಾಪಣಿಯಲ್ಲಿ ನೋವೆಂದರೆ, ಕನ್ನಡ ಮಾತ್ರ ಬಲ್ಲವನು ಅದನ್ನು ಪಾಪೆಯ ನೋವೆಂದು ಗ್ರಹಿಸುವ ಸಂಭವವಿದೆ. ‘ಹೂವು’ ಎಂಬ ಶಬ್ದದಲ್ಲಾದರೋ ಇಂಥ ತೊಡಕಿಲ್ಲ. ಮರಾಠಿಯವರೂ ಕಣ್ಣಿನಲ್ಲಿ ‘ಫೂಲ’ ಬಿತ್ತೆಂದೇ ಹೇಳುತ್ತಾರೆ. ಸುಶ್ರುತಸಂಹಿತೆಯು ವ್ರಣವಿಲ್ಲದ ಈ ಬಿಳುಪನ್ನು ಅವ್ರಣಶುಕ್ರವೆಂದು ಕರೆದಿದೆ. ಅದರ ಬಣ್ಣಕ್ಕೆ ನಮ್ಮ ವೈದ್ಯಶಾಸ್ತ್ರದಲ್ಲಿ ಶಂಖವೂ ಚಂದ್ರನೂ ಕುಂದಪುಷ್ಪವೂ ಉಪಮಾನವಾಗಿ ಬಂದಿವೆ. ಶಾಸ್ತ್ರಕಾರನ ಕುಂದವೂ ಹಳ್ಳಿಗನ ಹೂವೂ ಒಂದೇ ವಸ್ತುವನ್ನು ನೋಡಿ ಹುಟ್ಟಿದ ಮಾತುಗಳೆಂಬುದರಲ್ಲಿ ಸಂಶಯವಿಲ್ಲ.

ಆದುದರಿಂದ ಪೊರೆ, ಹೂವು ಎಂಬ ಎರಡು ಶಬ್ದಗಳನ್ನು ಬೆರೆಸದೆ ಬಳಸುವುದು ಕೇವಲ ಭಾಷಾಶುದ್ಧಿಯ ಮಾತಲ್ಲ. ಪೊರೆಯಿಂದ ಹೋದ ದೃಷ್ಟಿಯನ್ನು ಶಸ್ತ್ರಕ್ರಿಯೆಯು ಬಹುಮಟ್ಟಿಗೆ ಮರಳಿಸಬಲ್ಲುದು. ಹೂವಿನಿಂದ ಹೋದ ದೃಷ್ಟಿಯು ಪೊರೆಯನ್ನು ತೆಗೆದ ಮಾತ್ರದಿಂದ ಮರಳುವುದಿಲ್ಲ.

೩. ಸ್ವಚ್ಛಪಟಲದ ಸ್ವರೂಪ

ಇಂಗ್ಲಿಷ್ ವೈದ್ಯರು ಕಾರ್ನಿಯಾ ಎಂದು ಕರೆಯುವ ಪಟಲವು ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತೆ ಉಬ್ಬಿ ನಿಂತಿದೆ. ಇದನ್ನು ಈ ಲೇಖನದಲ್ಲಿ ಸ್ವಚ್ಛಪಟಲವೆಂದು ವ್ಯವಹರಿಸುತ್ತೇನೆ. ನಮ್ಮ ಶಾಸ್ತ್ರದ ಕೃಷ್ಣಮಂಡಲವೆಂಬುದು ಈ ಪಟಲದ ಮೂಲಕ ಹಿಂದಣ ಕಪ್ಪು ತೆರೆಯು ತೋರುವ ಪ್ರದೇಶವು. ಪಟಲದ ಅಡ್ಡಗಲವು ಸುಮಾರು ೧೨ ಮಿಲಿಮೀಟರು, ನಡುವಿನ ದಪ್ಪವು ಸುಮಾರು ಅರ್ಧ ಮಿಲಿಮೀಟರು. ಹೊರಗಿನ ಬೆಳಕನ್ನು ಬಾಗಿಸಿ ಒಳಗೆ ಒಂದೆಡೆ ಕೂಡಿಸುವ ಕಣ್ಣಿನ ಒಟ್ಟು ಶಕ್ತಿಯು ಸುಮಾರು ೬೦ ಡಯಾಪ್ಟರುಗಳೆಂದು ಎಣಿಕೆಯಿದ್ದು, ಅದರಲ್ಲಿ ೪೩ರಷ್ಟು ಈ ತೆಳುವಾದ ಪಟಲದ್ದೇ ಆಗಿದೆ. ಒಳಗಣ ಮಣಿಯ ಪಾಲು ಉಳಿದುದು ಮಾತ್ರ.

ಇದರ ಸ್ವಚ್ಛತೆಗೆ ಮುಖ್ಯವಾದ ಒಂದು ಕಾರಣವೇನೆಂದರೆ ಇದರಲ್ಲಿ ರಕ್ತನಾಳಗಳಿಲ್ಲ. ರಕ್ತವಿಲ್ಲದ ಅಂಗವು ಬದುಕುವುದೆಂತು? ಹಿಂದಿನಿಂದ ಕಣ್ಣಿನ ಒಳಗಣ ನೀರೂ, ಮುಂದಿನಿಂದ ಅಶ್ರುವೂ ಇದನ್ನು ಪೋಷಿಸುತ್ತವೆ. ಎಚ್ಚರದಲ್ಲಿ ಪ್ರಾಣವಾಯುವು ಗಾಳಿಯಿಂದ ಅಶ್ರುವಿನ ಮೂಲಕವೇ ಒದಗುತ್ತದೆ. ಆ ಅಶ್ರುವನ್ನು ಪಟಲದ ಮೇಲೆ ಸಮವಾಗಿ ಹರಡುವುದು ರೆಪ್ಪೆಯ ಕೆಲಸವು. ರೆಪ್ಪೆಯು ನಿಮಿಷಕ್ಕೆ ಸುಮಾರು ೧೫ ಸಲ ಇಳಿದೇರುತ್ತ, ಧೂಳನ್ನು ಒರಸುತ್ತ, ತನ್ನ ಅಂಚಿನಲ್ಲಿರುವ ಗ್ರಂಥಿಗಳಿಂದ ಸೂಕ್ಷ್ಮವಾದ ಜಿಡ್ಡನ್ನು ಕೊಟ್ಟು ಅಶ್ರುವು ಬೇಗನೆ ಆರಿಹೋಗದಂತೆ ಕಾಯುತ್ತದೆ. ದೇವತೆಗಳು ಅನಿಮಿಷರೆಂಬ ಗುರುತಿನಿಂದ ದಮಯಂತಿಯು ನಲನನ್ನು ಅವರಿಂದ ಬೇರ್ಪಡಿಸಿದ ಕಥೆಯನ್ನು ಪಾಠ ಹೇಳುವವರೆಲ್ಲರೂ ಬಲ್ಲರು. ಮರ್ತ್ಯನ ಕಣ್ಣಿಗಾದರೋ ನಿಮೇಷವೇ ಜೀವನವು. ಎವೆಯಿಕ್ಕದ ಕಣ್ಣು ಒಣಗುತ್ತದೆ. ಒಣಗಿದ ಪಟಲವು ಒರಟಾಗುತ್ತದೆ. ಒರಟಾದ ಪಟಲದಲ್ಲಿ ಬೆಳಕು ಚದುರುತ್ತದೆ. ಓದುವಾಗ ನಾವು ಎವೆಯಿಕ್ಕುವುದು ಕಡಿಮೆಯಾಗುವುದರಿಂದಲೇ ದೀರ್ಘಕಾಲದ ಓದಿನ ಬಳಿಕ ಅಕ್ಷರಗಳು ಮಸುಕಾಗಿ, ನಾಲ್ಕು ಸಲ ಕಣ್ಣು ಮಿಟುಕಿಸಿದೊಡನೆ ತಿಳಿಯಾಗುತ್ತವೆ.

ಪಟಲದ ಹೊರಮೈಯು ತರಚಿದರೆ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಕಲೆಯುಳಿಯದೆ ಕೂಡಿಕೊಳ್ಳುತ್ತದೆ. ಗಾಯವು ಆಳಕ್ಕಿಳಿದರೆ ಅದು ಮಾಯುವಾಗ ಬೆಳ್ಳಗಿನ ಕಲೆ ಉಳಿಯುತ್ತದೆ. ಆ ಕಲೆಯೇ ಹೂವು. ರೆಪ್ಪೆಯ ಶಸ್ತ್ರಕ್ರಿಯೆಯ ಫಲವನ್ನು ತೂಗಿ ನೋಡುವಾಗ ಈ ಎರಡು ಗಾಯಗಳ ವ್ಯತ್ಯಾಸವನ್ನು ಮರೆಯಬಾರದು.

೪. ಶಾಸ್ತ್ರದಲ್ಲಿ ಪಕ್ಷ್ಮಕೋಪ

ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ನೇತ್ರರೋಗಗಳು ಒಟ್ಟು ೭೬ ಎಂದು ಗಣಿತವಾಗಿವೆ. ಅವುಗಳಲ್ಲಿ ವರ್ತ್ಮಗತವಾದುವು ೨೧, ಕೃಷ್ಣಗತವಾದುವು ೪. ಈ ೨೧ರಲ್ಲಿ ಪೋಥಕಿಯೂ ಪಕ್ಷ್ಮಕೋಪವೂ ಸೇರಿವೆ. ಕೆಂಪು ಸಾಸಿವೆಯನ್ನು ಹೋಲುವ, ಸ್ರಾವವೂ ತುರಿಕೆಯೂ ಭಾರವೂ ಉಳ್ಳ ಗುಳ್ಳೆಗಳು ಪೋಥಕಿಯ ಲಕ್ಷಣವು. ಇದನ್ನು ಈಗಿನ ಟ್ರಕೋಮಾದೊಡನೆ ಸಮೀಕರಿಸುವುದು ವಾಡಿಕೆಯಾಗಿದೆ. ರೆಪ್ಪೆಗೂದಲುಗಳು ಮೊನಚಾಗಿ, ಒರಟಾಗಿ, ಕಣ್ಣನ್ನು ಉಜ್ಜುತ್ತ ನೋಯಿಸುವುದು ಪಕ್ಷ್ಮಕೋಪವು. ಅವನ್ನು ಕಿತ್ತಂತೆಲ್ಲ ನೋವು ಶಮನವಾಗುತ್ತದೆ, ರೋಗಿಯು ಗಾಳಿಯನ್ನೂ ಬಿಸಿಲನ್ನೂ ಬೆಂಕಿಯನ್ನೂ ಸಹಿಸಲಾರನು ಎಂಬಷ್ಟು ಸೂಕ್ಷ್ಮವನ್ನು ಗ್ರಂಥಕಾರನು ಗಮನಿಸಿದ್ದಾನೆ.

ಇದರ ಶಸ್ತ್ರಕ್ರಿಯೆಯು ಉತ್ತರತಂತ್ರದ ೧೬ನೆಯ ಅಧ್ಯಾಯದಲ್ಲಿ ಹೇಳಲ್ಪಟ್ಟಿದೆ. ಅದರ ತಾತ್ಪರ್ಯವಿಷ್ಟು. ಸ್ನೇಹನದಿಂದ ಸಿದ್ಧನಾದ ರೋಗಿಯ ಮೇಲುರೆಪ್ಪೆಯಲ್ಲಿ ಹುಬ್ಬಿನ ಕೆಳಗೆ ಎರಡು ಭಾಗಗಳನ್ನೂ ಕೂದಲಿನ ಬಳಿ ಒಂದು ಭಾಗವನ್ನೂ ಬಿಟ್ಟು, ನಡುವೆ ಯವದ ಆಕಾರದ ಚರ್ಮವನ್ನು ಒಳಮೂಲೆಯಿಂದ ಹೊರಮೂಲೆಯವರೆಗೆ ಸಮವಾಗಿ ಕೊಯ್ದು ತೆಗೆಯಬೇಕು. ಅನಂತರ ಕೂದಲಿನಿಂದ ಹೊಲಿಯಬೇಕು. ಜೇನೂ ತುಪ್ಪವೂ ಸವರಿ, ಹಣೆಗೆ ಪಟ್ಟಿಯನ್ನು ಕಟ್ಟಿ ಹೊಲಿಗೆಯ ಎಳೆಗಳನ್ನು ಅದಕ್ಕೆ ಬಿಗಿಯಬೇಕು. ಶಸ್ತ್ರಮಾರ್ಗವು ಸ್ಥಿರವಾದ ಬಳಿಕ ಎಳೆಗಳನ್ನು ಬಿಡಿಸಬೇಕು. ಇಷ್ಟರಿಂದ ಶಮನವಾಗದಿದ್ದರೆ ರೆಪ್ಪೆಯನ್ನು ಮಗುಚಿ ಅಗ್ನಿಯಿಂದಲೋ ಕ್ಷಾರದಿಂದಲೋ ದೋಷಸ್ಥಾನವನ್ನು ಸುಡಬೇಕು, ಅಥವಾ ಮೂರು ಕೊಕ್ಕೆಗಳಿಂದ ಹಿಡಿದು ಅಡ್ಡಗೂದಲಿನ ಸಾಲನ್ನೇ ಛೇದಿಸಬೇಕು.

ಇಲ್ಲಿ ಗಮನಿಸತಕ್ಕ ಅಂಶಗಳು ಮೂರು. ಮೊದಲನೆಯದಾಗಿ, ಚರ್ಮವನ್ನು ಕಿರಿದುಮಾಡಿ ಮೇಲಕ್ಕೆಳೆದರೆ ರೆಪ್ಪೆಯ ಅಂಚು ಹೊರಕ್ಕೆ ತಿರುಗುವುದೆಂಬ ಯಂತ್ರನ್ಯಾಯವು ಗ್ರಂಥಕಾರನಿಗೆ ಸ್ಪಷ್ಟವಾಗಿತ್ತು. ಹಣೆಯ ಪಟ್ಟಿಯು ಆ ಎಳೆತವನ್ನು ಕಾಯುವುದಕ್ಕಾಗಿ. ಎರಡನೆಯದಾಗಿ, ಎಷ್ಟನ್ನು ಕೊಯ್ಯಬೇಕೆಂಬುದಕ್ಕಿಂತ ಮೊದಲು ಎಷ್ಟನ್ನು ಬಿಡಬೇಕೆಂಬುದನ್ನು ಹೇಳಿದ್ದಾನೆ. ಅತಿಯಾಗಿ ಕೊಯ್ದರೆ ಕಣ್ಣು ಮುಚ್ಚದು. ಮೂರನೆಯದಾಗಿ, ಈ ರೋಗವನ್ನು ಸಾಧ್ಯಗಳಲ್ಲಿ ಸೇರಿಸದೆ, ಆರು ಬಗೆಯ ಕಾಚಗಳೊಡನೆ ಯಾಪ್ಯವೆಂದು ವರ್ಗೀಕರಿಸಿದ್ದಾನೆ. ಯಾಪ್ಯವೆಂದರೆ ಚಿಕಿತ್ಸೆಯಿಂದ ಹತೋಟಿಯಲ್ಲಿರುವ, ಆದರೆ ಮರುಕಳಿಸುವ ಸ್ವಭಾವವುಳ್ಳ ರೋಗ. ಈ ಮೂರನೆಯ ಅಂಶಕ್ಕೆ ಮುಂದೆ ಪುನಃ ಬರುತ್ತೇನೆ.

ಶಾಸ್ತ್ರದ ವರ್ಗೀಕರಣವು ಸ್ಥಾನವನ್ನು ಅನುಸರಿಸಿದುದರಿಂದ ರೆಪ್ಪೆಯ ರೋಗವು ಒಂದು ಅಧ್ಯಾಯದಲ್ಲಿಯೂ, ಸೂಜಿಯಿಂದ ಚುಚ್ಚಿದಂತೆ ತಗ್ಗಾಗಿ ಬಿಸಿನೀರನ್ನು ಸುರಿಸುವ ಸವ್ರಣಶುಕ್ರವು ಬೇರೊಂದು ಅಧ್ಯಾಯದಲ್ಲಿಯೂ ಬಂದಿವೆ. ಅಧ್ಯಾಯಗಳನ್ನು ಬಿಡಿಯಾಗಿ ಓದುವವನಿಗೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗಬಲ್ಲುದೆಂಬುದು ಹೊಳೆಯದೆ ಹೋಗಬಹುದು. ಆಧುನಿಕ ವಿಜ್ಞಾನವು ಈ ಕಾರ್ಯಕಾರಣಸಂಬಂಧವನ್ನು ಸ್ಪಷ್ಟಪಡಿಸಿದೆ.

೫. ಆಧುನಿಕರ ನಿರ್ಣಯ

ಟ್ರಕೋಮಾ ಎಂಬುದು ಕ್ಲಮೈಡಿಯಾ ಟ್ರಕೊಮಾಟಿಸ್ ಎಂಬ ಸೂಕ್ಷ್ಮಾಣುವಿನಿಂದ ಬರುವ ಅಂಟುರೋಗವು. ಬೆರಳು, ಬಟ್ಟೆ, ನೊಣ ಇವುಗಳ ಮೂಲಕ ಹರಡುತ್ತದೆ. ಬಾಲ್ಯದಲ್ಲಿ ಮತ್ತೆ ಮತ್ತೆ ತಗಲಿದರೆ ಮೇಲುರೆಪ್ಪೆಯ ಒಳಮೈಯಲ್ಲಿ ಕಲೆಗಟ್ಟಿ, ಆ ಕಲೆಯು ವರ್ಷಗಳು ಕಳೆದಂತೆ ಕುಗ್ಗಿ, ರೆಪ್ಪೆಯ ಅಂಚನ್ನು ಒಳಕ್ಕೆ ಎಳೆಯುತ್ತದೆ. ಆಗ ಕೂದಲು ಪ್ರತಿನಿಮೇಷದಲ್ಲಿಯೂ ಪಟಲವನ್ನು ಕೆರೆಯುತ್ತದೆ. ನಿಮಿಷಕ್ಕೆ ೧೫ ಸಲವೆಂದರೆ ಗಂಟೆಗೆ ೯೦೦ ಸಲ. ಮಕ್ಕಳನ್ನು ಆಡಿಸುವ ಹೆಂಗಸರಿಗೆ ಈ ರೋಗವು ಗಂಡಸರಿಗಿಂತ ಹೆಚ್ಚಾಗಿ ತಗಲುವುದು.

ಭಾರತದಲ್ಲಿ ೧೯೬೩ರಲ್ಲಿ ಟ್ರಕೋಮಾ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವು ಆರಂಭವಾಗಿ, ೧೯೭೬ರಲ್ಲಿ ಅಂಧತ್ವನಿಯಂತ್ರಣದ ಕಾರ್ಯಕ್ರಮದಲ್ಲಿ ಸೇರಿತು. ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಟ್ರಕೋಮಾ ಭಾರತದಲ್ಲಿ ನಿವಾರಣೆಯಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೪ರ ಅಕ್ಟೋಬರದಲ್ಲಿ ಮನ್ನಣೆಯಿತ್ತಿತು. ಶಸ್ತ್ರಕ್ರಿಯೆ, ಔಷಧ, ಮುಖಶುದ್ಧಿ, ಪರಿಸರಶುದ್ಧಿ ಎಂಬ ನಾಲ್ಕಂಗದ ಉಪಾಯವನ್ನು ಆ ಸಂಸ್ಥೆಯು ವಿಧಿಸಿದೆ. ಆದರೆ ಬಾಲ್ಯದ ಕಲೆಯು ಮುಪ್ಪಿನಲ್ಲಿ ಫಲಕೊಡುವ ಸ್ವಭಾವದ್ದಾದುದರಿಂದ, ಸೋಂಕು ನಿಂತ ಊರಿನಲ್ಲಿಯೂ ಮಗುಚಿದ ರೆಪ್ಪೆಯ ಮುದುಕರು ಇರಬಲ್ಲರು. ಇದಲ್ಲದೆ, ಕೇವಲ ವಾರ್ಧಕ್ಯದ ಸಡಿಲಿಕೆಯಿಂದಲೂ ಕೆಳರೆಪ್ಪೆಯು ಒಳಕ್ಕೆ ತಿರುಗುವುದುಂಟು, ಸುಟ್ಟಗಾಯದಿಂದಲೂ ಹೀಗಾಗುವುದು.

ಈಗಿನ ಶಸ್ತ್ರವೈದ್ಯರು ರೆಪ್ಪೆಯೊಳಗಣ ಗಟ್ಟಿಯಾದ ಪಟ್ಟಿಕೆಯನ್ನು ಅಡ್ಡಲಾಗಿ ಸೀಳಿ, ಅಂಚಿನ ಭಾಗವನ್ನು ಹೊರಕ್ಕೆ ತಿರುಗಿಸಿ ಹೊಲಿಯುತ್ತಾರೆ. ಇದರಿಂದ ಪಟಲಕ್ಕೆ ಆಗುವ ಲಾಭವೇನು? ಕೆರೆತವು ನಿಂತೊಡನೆ ಹೊರಮೈಯ ತರಚುಗಳು ಮಾಯುತ್ತವೆ. ನೀರು ಸುರಿಯುವುದೂ ಬೆಳಕನ್ನು ಸಹಿಸಲಾರದಿರುವುದೂ ಕಡಿಮೆಯಾಗುತ್ತವೆ. ಹುಣ್ಣಾಗುವ ಭಯವು ತಗ್ಗುತ್ತದೆ. ಮೈ ನುಣುಪಾದುದರಿಂದ ಕೆಲವರಲ್ಲಿ ದೃಷ್ಟಿಯೂ ಸ್ವಲ್ಪ ತಿಳಿಯಾಗುತ್ತದೆ. ಆದರೆ ಆಳದಲ್ಲಿ ಆಗಲೇ ಬಿದ್ದ ಹೂವು ರೆಪ್ಪೆಯನ್ನು ತಿರುಗಿಸಿದ ಮಾತ್ರದಿಂದ ಅಳಿಯುವುದಿಲ್ಲ. ಹೀಗೆ ಈ ಕ್ರಿಯೆಯು ಮುಖ್ಯವಾಗಿ ಇದ್ದ ದೃಷ್ಟಿಯನ್ನು ಕಾಯುವಂಥದು, ಹೋದುದನ್ನು ತರುವಂಥದಲ್ಲ. ಕಾಲಹರಣಕ್ಕೆ ಎಷ್ಟು ಬೆಲೆ ತೆರಬೇಕಾಗುವುದೆಂಬುದನ್ನು ಇದರಿಂದಲೇ ಊಹಿಸಬಹುದು. ಚಿಮಟದಿಂದ ಕೂದಲನ್ನು ಕೀಳುವುದರಿಂದ ಸುಶ್ರುತನು ಹೇಳಿದಂತೆ ಶಾಂತಿಯೇನೋ ಉಂಟು. ಆದರೆ ಕೂದಲು ಮತ್ತೆ ಮೊಳೆಯುವುದು, ಮೊಳಕೆಯ ಮೊನೆಯು ಉದ್ದಗೂದಲಿಗಿಂತಲೂ ಗಡುಸಾಗಿರುವುದು.

ಇನ್ನು ಯಾಪ್ಯದ ವಿಚಾರ. ಟ್ರಕೋಮಾದಿಂದ ಮಗುಚಿದ ರೆಪ್ಪೆಯು ಶಸ್ತ್ರಕ್ರಿಯೆಯ ಬಳಿಕವೂ ಅನೇಕರಲ್ಲಿ ವರ್ಷಾಂತರದಲ್ಲಿ ಪುನಃ ಒಳಕ್ಕೆ ತಿರುಗುತ್ತದೆಂಬುದು ಈಗಿನ ವೈದ್ಯರ ಅನುಭವವು. ಹಳೆಯ ಗ್ರಂಥದ ಒಂದು ಪಾರಿಭಾಷಿಕ ಶಬ್ದವು ಇಂದಿನ ಪರೀಕ್ಷೆಗೂ ನಿಲ್ಲುವುದನ್ನು ಕಂಡು ಸಂತೋಷಪಡುವುದರಲ್ಲಿಯೇ ನಾವು ತೃಪ್ತರಾಗಬಾರದು. ಅದರ ಆಜ್ಞೆಯನ್ನು ಗ್ರಹಿಸಬೇಕು. ಯಾಪ್ಯರೋಗದವನನ್ನು ಒಮ್ಮೆ ಶಸ್ತ್ರಕ್ಕೆ ಒಪ್ಪಿಸಿ ಕೈತೊಳೆದುಕೊಳ್ಳುವಂತಿಲ್ಲ. ಅವನನ್ನು ಕಾಲಕಾಲಕ್ಕೆ ಪುನಃ ನೋಡುತ್ತಿರಬೇಕು.

೬. ಮುಚ್ಚದ ರೆಪ್ಪೆ, ಏಳದ ರೆಪ್ಪೆ

ಅಲುಗಾಟವಿಲ್ಲದೆ ಮುಚ್ಚಲಾರದ ರೆಪ್ಪೆಯನ್ನು ಸುಶ್ರುತನು ವಾತಹತವರ್ತ್ಮವೆಂದಿದ್ದಾನೆ. ಮುಖದ ನರವು ಕೆಟ್ಟಾಗಲೂ, ಕುಷ್ಠರೋಗವು ಆ ನರದ ಶಾಖೆಯನ್ನು ತಿಂದಾಗಲೂ ಹೀಗಾಗುವುದು. ಕುಷ್ಠದಲ್ಲಿ ಪಟಲದ ಸ್ಪರ್ಶಜ್ಞಾನವೂ ನಷ್ಟವಾಗಬಹುದಾದುದರಿಂದ ಅಪಾಯವು ಇಮ್ಮಡಿಯಾಗಿದೆ. ಹುಣ್ಣಾದರೂ ರೋಗಿಗೆ ನೋವು ತಿಳಿಯದು. ಇಂಥವರಿಗೆ ರೆಪ್ಪೆಗಳ ಹೊರಮೂಲೆಯನ್ನು ಹೊಲಿದು ಕಿರಿದುಮಾಡುವುದು, ಕಪೋಲದ ಮೇಲಣ ಸ್ನಾಯುವಿನ ಒಂದು ಪಾಲನ್ನು ರೆಪ್ಪೆಗೆ ಜೋಡಿಸುವುದು, ಮೇಲುರೆಪ್ಪೆಯಲ್ಲಿ ಚಿನ್ನದ ಸಣ್ಣ ತೂಕವನ್ನು ಇಡುವುದು ಮೊದಲಾದ ಕ್ರಿಯೆಗಳಿವೆ. ಎಲ್ಲದರ ಗುರಿಯೂ ಒಂದೇ: ಪಟಲವನ್ನು ಒದ್ದೆಯಾಗಿಡುವುದು.

ಇದಕ್ಕೆ ವಿರುದ್ಧವಾದುದು ಜೋತುಬಿದ್ದ ರೆಪ್ಪೆ. ಹುಟ್ಟಿನಿಂದಲೇ ರೆಪ್ಪೆಯು ಪಾಪೆಯನ್ನು ಮುಚ್ಚಿದ್ದರೆ ಆ ಕಣ್ಣು ನೋಡುವುದನ್ನೇ ಕಲಿಯದೆ ಮಂದವಾಗುವುದು. ಆ ಮಾಂದ್ಯವು ಬಾಲ್ಯ ಕಳೆದ ಮೇಲೆ ತಿದ್ದುವುದಕ್ಕೆ ಬಲು ಕಷ್ಟವು. ತರಗತಿಯಲ್ಲಿ ಗಲ್ಲವೆತ್ತಿ ಓದುವ ಹುಡುಗನನ್ನು ಗರ್ವಿಷ್ಠನೆಂದು ಗದರಿಸುವುದಕ್ಕೆ ಮೊದಲು ಉಪಾಧ್ಯಾಯನು ಅವನ ರೆಪ್ಪೆಯನ್ನು ನೋಡುವುದು ಲೇಸು. ಮುದುಕರಲ್ಲಿ ಸಡಿಲವಾದ ಚರ್ಮವು ಜೋತು ಮೇಲ್ಭಾಗದ ನೋಟವನ್ನು ಮರೆಮಾಡುವುದು. ಅದನ್ನು ಕೊಯ್ದರೆ ನೋಟದ ಹರವು ಹಿಗ್ಗುವುದು.

ಇಲ್ಲೊಂದು ಸೂಕ್ಷ್ಮವಿದೆ. ರೆಪ್ಪೆಯು ಪಟಲವನ್ನು ಸದಾ ಮೆಲ್ಲಗೆ ಒತ್ತುತ್ತಿರುತ್ತದೆ. ಆ ಒತ್ತಡವು ಬದಲಾದರೆ ಪಟಲದ ವಕ್ರತೆಯೂ ಬದಲಾಗುತ್ತದೆ. ಚೆಂಡಿನ ಮೈಯಂತಿರಬೇಕಾದ ಪಟಲವು ಚಮಚದ ಬೆನ್ನಿನಂತೆ ಒಂದು ದಿಕ್ಕಿನಲ್ಲಿ ಹೆಚ್ಚು, ಇನ್ನೊಂದು ದಿಕ್ಕಿನಲ್ಲಿ ಕಡಿಮೆ ಬಾಗಿದರೆ ಅಕ್ಷರಗಳ ಗೆರೆಗಳು ಒಂದು ದಿಕ್ಕಿನಲ್ಲಿ ಸ್ಪಷ್ಟವಾಗಿಯೂ ಇನ್ನೊಂದು ದಿಕ್ಕಿನಲ್ಲಿ ಹರಡಿದಂತೆಯೂ ಕಾಣುವುವು. ಇದನ್ನು ಅಸ್ಟಿಗ್ಮ್ಯಾಟಿಸಂ ಎನ್ನುತ್ತಾರೆ. ರೆಪ್ಪೆಯೊಳಗಣ ಗಂಟಿನಿಂದಲೂ ಇದು ಬರುವುದು, ಗಂಟನ್ನು ತೆಗೆದರೆ ಇಳಿಯುವುದು. ಜೋತ ರೆಪ್ಪೆಯನ್ನು ಎತ್ತಿದಾಗಲೂ ವಕ್ರತೆಯು ತುಸು ವ್ಯತ್ಯಾಸವಾಗಿ, ಬಹುಜನರಲ್ಲಿ ಕೆಲವು ತಿಂಗಳುಗಳಲ್ಲಿ ನೆಲೆಗೊಳ್ಳುವುದು. ಆದುದರಿಂದ ರೆಪ್ಪೆಯ ಶಸ್ತ್ರಕ್ರಿಯೆಯಾದೊಡನೆಯೇ ಕನ್ನಡಕವನ್ನು ಬದಲಿಸಬಾರದು. ಕಣ್ಣು ಸ್ಥಿರವಾಗುವವರೆಗೆ ಕಾಯಬೇಕು.

ದೋಷಗಳೂ ಉಂಟು. ಚರ್ಮವನ್ನು ಅತಿಯಾಗಿ ಕೊಯ್ದರೆ, ಅಥವಾ ರೆಪ್ಪೆಯನ್ನು ಅತಿಯಾಗಿ ಎತ್ತಿದರೆ, ನಿದ್ರೆಯಲ್ಲಿ ಕಣ್ಣು ಬಿರುಕುಬಿಟ್ಟು ಪಟಲವು ಒಣಗುವುದು. ಮೊದಲೇ ಅಶ್ರುವು ಕಡಿಮೆಯಿರುವವರಿಗೆ ಈ ಅಪಾಯವು ಹೆಚ್ಚು. ಈ ಕಾಲದಲ್ಲಿ ಕೇವಲ ಮುಖಸೌಂದರ್ಯಕ್ಕಾಗಿ ರೆಪ್ಪೆಯನ್ನು ಕೊಯ್ಯಿಸಿಕೊಳ್ಳುವವರು ಹುಬ್ಬಿನ ಕೆಳಗೆ ಎರಡು ಭಾಗವನ್ನು ಬಿಡಬೇಕೆಂಬ ವಚನದ ಅಂತರಂಗವನ್ನು ನೆನೆಯಬೇಕು.

೭. ಮುಂಡಗೋಡದ ಒಂದು ಸಂಬಂಧ

ವಾಗ್ಭಟನ ಅಷ್ಟಾಂಗಹೃದಯವು ನೇತ್ರರೋಗಗಳನ್ನು ೯೪ ಎಂದು ಎಣಿಸಿ, ಅವುಗಳಲ್ಲಿ ೨೪ನ್ನು ರೆಪ್ಪೆಗೆ ಸೇರಿಸಿದೆ. ಈ ಗ್ರಂಥವು ೧೧ನೆಯ ಶತಮಾನದಲ್ಲಿ ರಿನ್‌ಚೆನ್ ಸಂಗ್ಪೋ ಎಂಬ ಪ್ರಸಿದ್ಧ ಅನುವಾದಕನ ಕಾಲದಲ್ಲಿ ತಿಬೇತಿ ಭಾಷೆಗೆ ಪರಿವರ್ತಿತವಾಗಿ ತೆಂಗ್ಯುರ್ ಎಂಬ ಮಹಾಸಂಗ್ರಹದಲ್ಲಿ ಸೇರಿತು. ಆ ನಾಡಿನ ವೈದ್ಯವು ಇದರಿಂದ ಬಹಳ ಉಪಕೃತವಾಯಿತು. ಕಳೆದ ಶತಮಾನದ ಅರುವತ್ತರ ದಶಕದಿಂದ ಮುಂಡಗೋಡದಲ್ಲಿ ನೆಲೆಸಿರುವ ತಿಬೇತಿ ಜನರು, ಡ್ರೆಪುಂಗ್ ಮತ್ತು ಗಾದೆನ್ ಎಂಬ ವಿದ್ಯಾಪೀಠಗಳನ್ನು ಇಲ್ಲಿ ಪುನಃ ಸ್ಥಾಪಿಸಿಕೊಂಡಿದ್ದಾರೆ. ಅವರ ಸೋವಾ ರಿಗ್ಪಾ ವೈದ್ಯಕ್ಕೆ ಭಾರತಸರ್ಕಾರವು ೨೦೧೦ರಲ್ಲಿ ಶಾಸನದ ಮೂಲಕ ಮಾನ್ಯತೆಯಿತ್ತಿದೆ. ವಾಗ್ಭಟನನ್ನು ಸಂಸ್ಕೃತದಲ್ಲಿ ಓದಿದ ಕನ್ನಡ ಪಂಡಿತನೂ ತಿಬೇತಿಯಲ್ಲಿ ಓದಿದ ಭಿಕ್ಷುವೂ ಒಂದೇ ತಾಲೂಕಿನಲ್ಲಿ ಕುಳಿತು ವರ್ತ್ಮರೋಗದ ಅಧ್ಯಾಯವನ್ನು ಪದಶಃ ಹೋಲಿಸಿ ನೋಡಲು ಇಂಥ ಅನುಕೂಲವು ಬೇರೆಡೆಯಲ್ಲಿ ಸುಲಭವಲ್ಲ. ಪಾಠಾಂತರಗಳ ನಿರ್ಣಯಕ್ಕೂ ಇದು ನೆರವಾದೀತು. ಯಾರಾದರೂ ತರುಣ ವಿದ್ವಾಂಸರು ಇದನ್ನು ಕೈಗೊಳ್ಳಬೇಕು.

೮. ಉಪಸಂಹಾರ

ಮೇಲಣ ವಿಚಾರದಿಂದ ಸಿದ್ಧವಾಗುವುದೇನೆಂದರೆ: ರೆಪ್ಪೆಯ ದೋಷವಿರುವ ಕಣ್ಣಿಗೆ ರೆಪ್ಪೆಯ ಚಿಕಿತ್ಸೆಯೇ ಮೊದಲು, ಪೊರೆಯೂ ನೇತ್ರದಾನದ ಪಟಲವೂ ಅನಂತರ. ೧೯೦೫ರಲ್ಲಿ ಎಡ್ವರ್ಡ್ ಜಿರ್ಮ್ ಎಂಬ ವೈದ್ಯನು ಮನುಷ್ಯನ ಪಟಲವನ್ನು ಇನ್ನೊಬ್ಬನ ಕಣ್ಣಿಗೆ ಯಶಸ್ವಿಯಾಗಿ ಕಸಿಮಾಡಿದಂದಿನಿಂದ ಹೂವು ಬಿದ್ದ ಕಣ್ಣಿಗೂ ಆಸೆಯುಂಟಾಗಿದೆ. ೨೦೦೬ರಲ್ಲಿ ದಿವಂಗತರಾದ ವರನಟ ರಾಜಕುಮಾರರ ನೇತ್ರದಾನವು ಕನ್ನಡಿಗರೆಲ್ಲರಿಗೂ ಈ ಧರ್ಮವನ್ನು ಪರಿಚಯ ಮಾಡಿಕೊಟ್ಟಿತು. ಆದರೆ ಒಳಮಗುಚಿದ ರೆಪ್ಪೆಯ ಕೆಳಗಿಟ್ಟ ದಾನದ ಪಟಲವು ತನ್ನ ಹಿಂದಿನ ಪಟಲದ ದಾರಿಯನ್ನೇ ಹಿಡಿಯುವುದು. ಒಬ್ಬ ಸತ್ತವನು ಕೊಟ್ಟ ಕಣ್ಣು ಹೀಗೆ ವ್ಯರ್ಥವಾಗಬಾರದು.

ಹಳಿಯಾಳ, ದಾಂಡೇಲಿಗಳಿಗೆ ಧಾರವಾಡವೂ, ಮುಂಡಗೋಡಕ್ಕೆ ಹುಬ್ಬಳ್ಳಿಯೂ ದೂರವಲ್ಲ. ಜೋಯಿಡಾದ ಅಡವಿಯ ಹಳ್ಳಿಗಳಿಗೆ ಮಾತ್ರ ಎಲ್ಲವೂ ದೂರ. ಅಂಥಲ್ಲಿ ವೈದ್ಯನಿಗಿಂತ ಮೊದಲು ತಲುಪುವವನು ಶಾಲೆಯ ಉಪಾಧ್ಯಾಯನು. ಕಣ್ಣು ಸದಾ ನೀರೂರುವವರನ್ನೂ, ಚಿಮಟವನ್ನು ಸೆರಗಿನಲ್ಲಿ ಕಟ್ಟಿಕೊಂಡು ತಿಂಗಳು ತಿಂಗಳು ಕೂದಲು ಕೀಳಿಸಿಕೊಳ್ಳುವ ಮುದುಕಿಯರನ್ನೂ ಅವನು ಕಂಡರೆ, ಇದು ಪೊರೆಯಲ್ಲ, ಹೂವು ಬೀಳುವ ಮುನ್ನ ರೆಪ್ಪೆಯನ್ನು ತೋರಿಸಿರಿ ಎಂಬ ಒಂದು ಮಾತನ್ನು ಅವರ ಭಾಷೆಯಲ್ಲಿಯೇ ಹೇಳಲಿ. ಆ ಒಂದು ಮಾತಿನಿಂದ ಒಂದು ಕಣ್ಣು ಉಳಿಯಬಹುದು.